ಇನ್ನೊಬ್ಬಳು ಐರಿನ್ ಗುಣವಾದಳು

ದುಬೈಯಲ್ಲಿ ಐರಿನ್ ಡಿಸೋಜ ಎಂಬ ಹೆಸರಿನವರು ಎಷ್ಟು ಮಂದಿ ಇದ್ದಾರೋ ದೇವರಿಗೇ ಗೊತ್ತು. ಆ ದೇವರಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂಬುದೇ ಬಹಳ ಕಾಲ ನನ್ನ ತಕರಾರಾಗಿತ್ತು.

ನಾನು ಶಿರ್ವದ ಐರಿನ್. ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಸಿಟ್ಟು ಬಂದಾಗ ಬಾಯಿಗೆ ಬರುವುದು ತುಳು. ಗಂಡ ರೋನಿ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಮಗಳು ಶಾರನ್ ಒಂಬತ್ತನೇ ಕ್ಲಾಸು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ನಮ್ಮದು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆ, ಜುಮೇರಾ ಲೇಕ್ ಟವರ್ಸ್‌ನ ಶಿಪ್ಪಿಂಗ್ ಆಫೀಸಿನಲ್ಲಿ ನನಗೆ ಕೆಲಸ. ಗಟ್ಟಿಮುಟ್ಟಾಗಿಯೇ ಇದ್ದೆ, ಅಥವಾ ಹಾಗೆಂದುಕೊಂಡಿದ್ದೆ.

ಮೊದಲು ಕಾಲು ಬಾತುಕೊಂಡಿತು. ಇಡೀ ದಿನ ಎಸಿಯಲ್ಲಿ ಕೂತು ಹೀಗಾಗಿದೆ ಎಂದುಕೊಂಡೆ. ಮುಖ ಊದಿದಾಗ ನಿದ್ದೆ ಹೆಚ್ಚಾಯಿತು ಎಂದುಕೊಂಡೆ. ಊಟ ಸೇರದಾದಾಗ ಮಾತ್ರ ಖುಷಿಪಟ್ಟೆ, ತೂಕ ಇಳಿಯುತ್ತದಲ್ಲ ಎಂದು. ಕೊನೆಗೆ ಕೆಮ್ಮಿಗೆಂದು ಕ್ಲಿನಿಕ್ಕಿಗೆ ಹೋದವಳನ್ನು ಅದೇ ಸಂಜೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಮೈಸೂರಿನವರು. ನನ್ನ ಹೆಸರಿನ ಕೆಳಗೆ ಉಡುಪಿ ಜಿಲ್ಲೆ ನೋಡಿ ಕನ್ನಡಕ್ಕೆ ತಿರುಗಿದರು.

"ನೋಡಿ ಅಮ್ಮಾ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಕಿಡ್ನಿ ಎರಡೂ ಹೆಚ್ಚುಕಮ್ಮಿ ಕೆಲಸ ನಿಲ್ಸಿವೆ."

ರೋನಿ ಕುರ್ಚಿಯಿಂದ ಸ್ವಲ್ಪ ಮುಂದೆ ಬಂದು, "ಒಂದಾದ್ರೂ ಉಂಟಲ್ಲ ಸಾರ್?" ಎಂದರು. ಮೀನು ಮಾರ್ಕೆಟ್ಟಿನಲ್ಲಿ ಕಡೆಯ ಅಂಜಲ್ ಕೇಳುವವರ ಹಾಗೆ ಕೇಳಿದರು. ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳಲಿಕ್ಕೆ ಶುರುಮಾಡಿದೆ, ಮತ್ತೆ ನಿಲ್ಲಿಸಲಿಕ್ಕೆ ಆಗಲಿಲ್ಲ.

ಬಯಾಪ್ಸಿ ಆಯಿತು, ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಶುರುವಾಯಿತು, ಸ್ಟಿರಾಯ್ಡ್ ಮಾತ್ರೆಗಳೂ ಶುರುವಾದವು. ಡಾಕ್ಟರು ಹೇಳಿದ್ದರ ಸಾರ ಇಷ್ಟು: ಔಷಧ ಹಿಡಿದರೆ ಕಿಡ್ನಿ ಸ್ವಲ್ಪವಾದರೂ ಎದ್ದೇಳಬಹುದು, ಆಗ ಮೆಷಿನ್ ಬಿಡಬಹುದು. ಹಿಡಿಯದಿದ್ದರೆ ಮೆಷಿನ್ನೇ ಗತಿ. ಕೆಲವು ತಿಂಗಳು ಕಾದು ನೋಡಬೇಕು. ಅಂದಿನಿಂದ ನನಗೆ ಲೋಕದಲ್ಲಿ ಬೇಕಾದದ್ದು ಒಂದೇ. ನನ್ನ ಕಿಡ್ನಿ ಎದ್ದೇಳಬೇಕು.

ಇದನ್ನು ಅನುಭವಿಸಿದವರಿಗೆ ಮಾತ್ರ ಗೊತ್ತು, ಇದರಲ್ಲಿ ನೋವಿಗಿಂತ ದೊಡ್ಡದು ಬಾಯಾರಿಕೆ. ದಿನಕ್ಕೆ ಇಷ್ಟೇ ನೀರು ಎಂದು ಗೆರೆ ಹಾಕುತ್ತಾರೆ. ಅದರಲ್ಲೇ ಚಹಾ, ಅದರಲ್ಲೇ ಸಾರು, ಅದರಲ್ಲೇ ಮಾತ್ರೆ ನುಂಗುವ ಗುಟುಕು. ಹೊರಗೆ ದುಬೈಯ ಆಗಸ್ಟ್ ತಿಂಗಳು, ಒಳಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಬಾಳೆಹಣ್ಣು ಇಲ್ಲ, ಖರ್ಜೂರ ಇಲ್ಲ, ಎಳನೀರಿನ ಹೆಸರೆತ್ತುವ ಹಾಗಿಲ್ಲ. ಶಾರನ್ ಅಳಲಿಲ್ಲ. ಅಡುಗೆಮನೆಗೆ ಹೋಗಿ ಹಣ್ಣಿನ ಬುಟ್ಟಿ ಖಾಲಿ ಮಾಡಿ ಬಂದು, "ಮಮ್ಮಾ, ಬನಾನಾ ಈಸ್ ಡೇಂಜರಸ್ ಫಾರ್ ಯು" ಎಂದಳು. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಬಹಳ ಹೊತ್ತು ಒಳಗೇ ಇದ್ದಳು. ಆ ನಲ್ಲಿ ನೀರಿನ ಸದ್ದಿಗೂ ನನಗೆ ಬಾಯಾರಿತು.

ಡಯಾಲಿಸಿಸ್ ವಾರ್ಡಿನಲ್ಲಿ ಒಬ್ಬಳು ನರ್ಸು ಯಾರಿಗೂ ಕಾಣದ ಹಾಗೆ ಒಂದು ಚೂರು ಐಸ್ ತಂದು ನನ್ನ ಬಾಯಿಗೆ ಹಾಕುತ್ತಿದ್ದಳು. ಪಕ್ಕದ ಕುರ್ಚಿಯ ಎಮಿರಾತಿ ಅಜ್ಜಿ ನನ್ನ ಕೈ ತಟ್ಟಿ "ಸಬರ್, ಸಬರ್" ಎನ್ನುತ್ತಿದ್ದರು. ತಾಳ್ಮೆ ಎಂದರ್ಥ. ಆ ಐಸ್ ಚೂರು ಮತ್ತು ಆ ಕೈ, ಇವೆರಡನ್ನು ನಾನು ಈಗಲೂ ಜಪದಲ್ಲಿ ನೆನೆಯುತ್ತೇನೆ.

ಪ್ರಾರ್ಥನೆಯ ವಿಷಯಕ್ಕೆ ಬರುತ್ತೇನೆ. ಊದ್ ಮೇಥಾದ ಇಗರ್ಜಿಯಲ್ಲಿ ಶನಿವಾರ ಸಂಜೆ ನಮ್ಮ ಊರ ಕಡೆಯವರ ಪ್ರಾರ್ಥನಾ ಕೂಟ ಸೇರುತ್ತದೆ. ಅದನ್ನು ನಡೆಸುವವರು ಸಿರಿಲ್ ಅಂಕಲ್. ಆಸ್ಪತ್ರೆಯಿಂದಲೇ ರೋನಿ ಅವರಿಗೆ ವಾಟ್ಸಾಪ್ ಮಾಡಿದರು: "ಐರಿನ್ ಡಿಸೋಜ, ಕಿಡ್ನಿ ಫೇಲ್, ದಯವಿಟ್ಟು ಪ್ರಾರ್ಥಿಸಿ." ನಮ್ಮವರಲ್ಲಿ ಜನ ಜಾಸ್ತಿ, ಹೆಸರು ಕಡಿಮೆ. ಅದಕ್ಕೇ ಯಾರನ್ನು ಹೇಳುವಾಗಲೂ ಊರು ಹಿಡಿದೇ ಹೇಳುವುದು, ಶಿರ್ವದ ಐರಿನ್, ಬೆಳ್ಮಣ್ಣಿನ ಐರಿನ್ ಎಂದು. ಗಾಬರಿಯಲ್ಲಿ ರೋನಿ ಊರಿನ ಹೆಸರು ಬರೆಯಲು ಮರೆತರು.

ಸಿರಿಲ್ ಅಂಕಲ್ ಮನೆಗೂ ಬಂದರು. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. ನಮ್ಮ ಕೊಂಕಣಿಯಲ್ಲಿ ಹೆಂಗಸರನ್ನು ಪ್ರೀತಿಯಿಂದ ಕರೆಯುವುದೂ ಬಾಯಿ ಎಂದೇ.

"ಐರಿನ್ ಬಾಯಿ, ಕೇಳ್ಲಿಕ್ಕೆ ಎಲ್ಲರೂ ಕೇಳ್ತಾರೆ. ಕೇಳಿ ಸುಮ್ನೆ ಕೂತ್ರೆ ಆಗುದಿಲ್ಲ. ಸಿಕ್ಕಿಯೇ ಸಿಗ್ತದೆ ಅಂತ ಜಾಗ ಮಾಡಿ ಇಡ್ಬೇಕು. ನೆಂಟರು ಬರ್ತಾರೆ ಅಂದ್ರೆ ನಾವು ಮೊದಲೇ ಹಾಸಿಗೆ ಹಾಸಿ ಇಡುದಿಲ್ವಾ? ಹಾಗೆ."

ಸರಿ, ನಾನೂ ಹಾಸಿಗೆ ಹಾಸಿದೆ. ದೊಡ್ಡದೊಂದು ಸ್ಟೀಲ್ ನೀರಿನ ಬಾಟಲಿ ತಂದು ಫ್ರಿಜ್ಜಿನ ಪಕ್ಕದಲ್ಲಿಟ್ಟೆ. ಕಿಡ್ನಿ ಎದ್ದ ದಿನ ಅದರ ತುಂಬ ನೀರು ತುಂಬಿಸಿ ಒಂದೇ ಉಸಿರಿಗೆ ಕುಡಿಯುವುದು ಎಂದು. ಬೆಳಿಗ್ಗೆ ಎದ್ದು ಮೊದಲು ಅದಕ್ಕೊಂದು ಶಿಲುಬೆ ಗುರುತು ಹಾಕುತ್ತಿದ್ದೆ. ಜಪಮಾಲೆ, ಒಂಬತ್ತು ದಿನದ ನೊವೇನ, ಉಪವಾಸ ಎಲ್ಲ ಮಾಡಿದೆ. ಪ್ರಾರ್ಥನೆ ಎಂದು ಅದುವರೆಗೆ ನಾನು ಮಾಡಿದ್ದೆಲ್ಲ ಶಾಲೆಯ ಹಾಜರಿ ಕೂಗಿದ ಹಾಗಿತ್ತು. ಈಗ ಮಾತ್ರ ದೇವರ ಸೆರಗು ಹಿಡಿದು ಎಳೆದೆ.

ಒಂದು ದಿನ ಮೆಷಿನ್ನಿನಲ್ಲಿ ಮಲಗಿದ್ದೇನೆ, ಫೋನು ಬರತೊಡಗಿತು. "ಕಂಗ್ರಾಜುಲೇಶನ್ಸ್ ಐರಿನ್! ದೇವರು ದೊಡ್ಡವ!" ಶಾರ್ಜಾದಿಂದ ಒಬ್ಬರು, ಅಬುಧಾಬಿಯಿಂದ ಒಬ್ಬರು. ಎಂತ ವಿಷಯ ಎಂದು ಕೇಳಿದರೆ, "ಅಯ್ಯೋ, ಎಷ್ಟು ವಿನಯ ಮಾರಾಯ್ತಿ ನಿಂಗೆ!" ಎಂದು ಫೋನಿಟ್ಟರು. ಮನೆಗೆ ಬಂದರೆ ಬಾಗಿಲ ಬಳಿ ಯಾರೋ ಖರ್ಜೂರದ ದೊಡ್ಡ ಪೆಟ್ಟಿಗೆ ಇಟ್ಟುಹೋಗಿದ್ದರು. ರೋನಿಯ ಮುಖ ಅರಳಿತು. "ಆಸ್ಪತ್ರೆಯವರು ಮೊದಲು ಸಿರಿಲ್ ಅಂಕಲ್‌ಗೆ ಹೇಳಿರಬಹುದಾ?" ಎಂದರು. ಪಾಪ, ಆಸೆ ಮನುಷ್ಯನನ್ನು ಅಷ್ಟು ಪೆದ್ದು ಮಾಡುತ್ತದೆ. ನಿಜ ಹೇಳುತ್ತೇನೆ, ನಾನೂ ಒಂದು ಗಳಿಗೆ ನಂಬಿದೆ.

ಆ ಶನಿವಾರ ಕೂಟಕ್ಕೆ ಹೋದೆವು. ಹಾಡು ಮುಗಿದ ಕೂಡಲೇ ಸಿರಿಲ್ ಅಂಕಲ್ ಮೈಕ್ ಹಿಡಿದುಕೊಂಡು ನೇರ ನನ್ನ ಬೆಂಚಿಗೇ ಬಂದರು.

"ಬನ್ನಿ ಐರಿನ್ ಬಾಯಿ. ನಾವೆಲ್ಲ ಹೆಸರೆತ್ತಿ ಪ್ರಾರ್ಥಿಸಿದ್ದು ಸಾರ್ಥಕ ಆಯ್ತು. ಮೆಷಿನ್ ನಿಂತಿತಂತೆ! ಸಾಕ್ಷ್ಯ ಹೇಳಿ."

"ಎಂತ ಸಾಕ್ಷ್ಯ ಮಾರ್ರೆ?" ಎಂದು ದುಪಟ್ಟಾ ಸರಿಸಿ ಕುತ್ತಿಗೆಯ ನಳಿಗೆ ತೋರಿಸಿದೆ. "ನಿನ್ನೆಯೂ ಮೆಷಿನ್ನಿಗೆ ಹೋಗಿ ಬಂದೆ."

ಮೈಕ್ ಆನ್ ಇತ್ತು. ಇಡೀ ಹಾಲಿಗೆ ಕೇಳಿತು. ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ, "ಅಂಕಲ್, ಅದು ನಾನು" ಎಂದಳು. ತೆಳ್ಳಗಿನ ಹುಡುಗಿ, ಮೂವತ್ತರ ಆಚೀಚೆ, ನೀಲಿ ಚೂಡಿದಾರ. ಬೆಳ್ಮಣ್ಣಿನ ಐರಿನ್ ಡಿಸೋಜ. ಹತ್ತಿರದ ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಜ್ವರಕ್ಕೆ ಸಿಕ್ಕಿದ ನೋವಿನ ಮಾತ್ರೆಯೆಲ್ಲ ನುಂಗಿ ಅವಳ ಕಿಡ್ನಿಯೂ ನಿಂತುಹೋಗಿತ್ತು. ನನ್ನ ಹಾಗೇ ಮೆಷಿನ್ನಿಗೆ ಹಾಕಿದ್ದರು. ಕೆಲವೇ ವಾರಗಳಲ್ಲಿ ಕಿಡ್ನಿ ತಾನಾಗಿ ಎದ್ದಿತು. ಅವಳ ಗೆಳತಿಯೂ ಸಿರಿಲ್ ಅಂಕಲ್‌ಗೆ ಮೆಸೇಜ್ ಮಾಡಿದ್ದಳು. ಅದೇ ಹೆಸರು, ಅದೇ ಕಾಯಿಲೆ. ಒಂದೇ ಮೆಸೇಜ್ ಎರಡು ಸಲ ಬಂದಿದೆ ಎಂದುಕೊಂಡು ಅವರು ಒಂದನ್ನು ಅಳಿಸಿಹಾಕಿದ್ದರು.

"ಅಯ್ಯೋ ಕರ್ಮವೇ, ನೀವು ಇಬ್ಬರಾ?" ಎಂದು ಸಿರಿಲ್ ಅಂಕಲ್ ತಲೆಗೆ ಕೈಯಿಟ್ಟರು. ಅದೂ ಮೈಕಿನಲ್ಲೇ ಕೇಳಿತು.

ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮದುವೆ ಕಾಗದ ಆಚೆ ಮನೆಗೆ ಹೋಗುವುದುಂಟು. ಇಲ್ಲಿ ಆಚೆ ಮನೆಗೆ ಹೋದದ್ದು ಕಿಡ್ನಿ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರಲ್ಲ, ನನ್ನ ಕತೆಯಲ್ಲಿ ಪೂಜಾರಿ ಕೊಟ್ಟೇಬಿಟ್ಟರು, ಬೇರೆಯವರಿಗೆ.

ಆಮೇಲಿನ ತಿಂಗಳುಗಳನ್ನು ನಾನು ಹೊಟ್ಟೆಕಿಚ್ಚಿನಲ್ಲೇ ಕಳೆದೆ. ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾಯಿಲೆ ಬಿದ್ದವರು ಬರೆಯುವಾಗ ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಇಗರ್ಜಿಯ ಹೊರಗೆ ಅವಳು ನೀರಿನ ಬಾಟಲಿ ಎತ್ತಿ ಕುಡಿಯುವಾಗ ಅವಳ ಗಂಟಲು ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದೆ. ಅವಳು ಬಾತ್‌ರೂಮಿಗೆ ಎದ್ದುಹೋದರೂ ಹೊಟ್ಟೆ ಉರಿಯುತ್ತಿತ್ತು. ಹೌದು, ಅದಕ್ಕೂ! ಕಿಡ್ನಿ ನಿಂತರೆ ಮೂತ್ರವೂ ನಿಲ್ಲುತ್ತದೆ, ನನ್ನ ಸ್ಥಿತಿಯವರಿಗೆ ಅರ್ಥವಾಗುತ್ತದೆ. ಸ್ಟಿರಾಯ್ಡ್ ತಿಂದು ನನ್ನ ಮುಖ ಬನ್ನಿನ ಹಾಗೆ ಉಬ್ಬಿತ್ತು, ಅವಳದ್ದು ದಿನೇದಿನೇ ಹೊಳೆಯುತ್ತಿತ್ತು. ಅವಳ ಹೆಸರು ಎತ್ತಿದರೂ ನನಗೆ ಆಗುತ್ತಿರಲಿಲ್ಲ. ಎತ್ತದೆ ಇರುವುದಾದರೂ ಹೇಗೆ, ಅದು ನನ್ನದೇ ಹೆಸರು.

"ಮಮ್ಮಾ, ಯು ಆರ್ ಜೆಲಸ್," ಎಂದಳು ಶಾರನ್ ಒಂದು ದಿನ, ಕಾರಿನ ಹಿಂದಿನ ಸೀಟಿನಿಂದ.

"ಹೌದು," ಎಂದೆ. "ನಿಂಗೆ ಎಂತ ಈಗ?"

"ನಥಿಂಗ್. ಐ ಆಮ್ ಆಲ್ಸೊ," ಎಂದಳು. ರೋನಿ ರಸ್ತೆ ನೋಡುತ್ತಲೇ ಒಂದು ಕೈ ಹಿಂದೆ ಚಾಚಿ ಅವಳ ಮೊಣಕಾಲು ಮುಟ್ಟಿದರು.

ಸಿರಿಲ್ ಅಂಕಲ್ ತಪ್ಪು ತಿದ್ದಿಕೊಂಡರು. ಮುಂದಿನ ಶನಿವಾರದಿಂದ "ಶಿರ್ವದ ಐರಿನ್, ರೋನಿಯ ಹೆಂಡತಿ, ಡಿಸ್ಕವರಿ ಗಾರ್ಡನ್ಸ್" ಎಂದು ಪೂರ್ತಿ ವಿಳಾಸ ಹೇಳಿಯೇ ಪ್ರಾರ್ಥನೆ. ನನ್ನ ಆಸೆ ಮತ್ತೆ ಚಿಗುರಿತು. ಈಗ ವಿಳಾಸ ಸರಿಯಾಯಿತಲ್ಲ, ಇನ್ನು ಬರಲೇಬೇಕು. ರಕ್ತ ಪರೀಕ್ಷೆಗೆ ಹೋಗುವಾಗ ಹೊಸ ಸೀರೆ ಉಟ್ಟುಕೊಂಡು ಹೋದೆ. ರಕ್ತ ತೆಗೆಯುವ ಹುಡುಗಿ, "ಫಂಕ್ಷನ್ ಇದೆಯಾ ಮೇಡಮ್?" ಎಂದು ಹಿಂದಿಯಲ್ಲಿ ಕೇಳಿದಳು. ಇದೆ ಎಂದೆ.

ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗಲೇ ಗೊತ್ತಾಯಿತು.

"ಔಷಧ ಹಿಡೀಲಿಲ್ಲ ಅಮ್ಮಾ. ಸ್ಟಿರಾಯ್ಡ್ ನಿಧಾನಕ್ಕೆ ಇಳಿಸಿ ನಿಲ್ಲಿಸೋಣ. ಕಿಡ್ನಿ ವಾಪಸ್ ಬರುತ್ತೆ ಅನ್ನೋ ನಿರೀಕ್ಷೆ ಇನ್ಮೇಲೆ ಇಟ್ಕೋಬೇಡಿ."

ನಿರೀಕ್ಷೆ! ನಮ್ಮ ಜಪದ ಪುಸ್ತಕದಲ್ಲಿ ಅದು ದೇವರೇ ಕೊಡುವ ವರ. ವಿಶ್ವಾಸದ ತಂಗಿ, ಪ್ರೀತಿಯ ಅಕ್ಕ ಎಂದು ಉಪದೇಶಿಯವರು ಕಲಿಸಿದ್ದರು. ಡಾಕ್ಟರ ಬಾಯಲ್ಲಿ ಅದು ಬಿಟ್ಟುಬಿಡಬೇಕಾದ ಕೆಟ್ಟ ಚಟದ ಹಾಗೆ ಕೇಳಿತು. ಹೊರಗೆ ಬಂದು ಕಾಯುವವರ ಕುರ್ಚಿಯಲ್ಲಿ ಕೂತೆ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಂಥ ಜಾಗಕ್ಕೆ ನಿರೀಕ್ಷಣಾ ಕೊಠಡಿ ಎಂದು ಬೋರ್ಡು ಹಾಕಿರುತ್ತಾರೆ. ಬಸ್ಸು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅಲ್ಲಿ ಕೂತವರನ್ನು ಏನೆಂದು ಕರೆಯುವುದೋ? ರೋನಿ ಪಕ್ಕದಲ್ಲಿ ಕೂತು ನನ್ನ ಸೀರೆಯ ನೆರಿಗೆ ಸರಿಮಾಡಿದರು. ಅಂದು ದೇವರನ್ನು ತುಳುವಿನಲ್ಲೇ ವಿಚಾರಿಸಿಕೊಂಡೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸುದ್ದಿ ಕೇಳಿ ಬೆಳ್ಮಣ್ಣಿನ ಐರಿನ್ ಮನೆಗೆ ಬಂದಳು. ಬರಬೇಡ ಎನ್ನಲು ನೆಪ ಹುಡುಕುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಶಾರನ್ ಒಳಗೆ ಹೋಗಿ ಕೈಗೆ ಸಿಕ್ಕಿದ ಬಾಟಲಿಗೆ ನೀರು ತುಂಬಿಸಿ ತಂದುಕೊಟ್ಟಳು. ಕೈಗೆ ಸಿಕ್ಕಿದ್ದು ಫ್ರಿಜ್ಜಿನ ಪಕ್ಕದ ಆ ಸ್ಟೀಲ್ ಬಾಟಲಿ. ಐರಿನ್ ಗಟಗಟ ಕುಡಿದಳು. ಅರ್ಧಕ್ಕೆ ನಿಲ್ಲಿಸಿ ಉಸಿರು ಬಿಟ್ಟು ಮತ್ತೆ ಕುಡಿದಳು. ಎದ್ದು ಅದನ್ನು ಕಿತ್ತುಕೊಳ್ಳಬೇಕು ಎನಿಸಿತು. ನನ್ನ ಮುಖದಲ್ಲಿ ಅದು ಕಂಡಿರಬೇಕು. ಅವಳು ಬಾಟಲಿ ಕೆಳಗಿಟ್ಟಳು.

"ಬಾಯಿ, ನಿಮಗೆ ನನ್ನನ್ನು ಕಂಡ್ರೆ ಆಗುದಿಲ್ಲ ಅಂತ ಗೊತ್ತುಂಟು."

"ಹೌದು, ಆಗುದಿಲ್ಲ," ಎಂದೆ. "ನನ್ನ ಪ್ರಾರ್ಥನೆ ಎಲ್ಲ ನೀನು ತಗೊಂಡು ಹೋದೆ."

"ನಾನು ಕೇಳ್ಲೇ ಇಲ್ಲ ಬಾಯಿ." ಅವಳ ಧ್ವನಿ ತಗ್ಗಿತು. "ಮಮ್ಮಿ ಹುಷಾರಿಲ್ಲದಾಗ ಹಗಲು ರಾತ್ರಿ ಕೇಳಿದ್ದೆ. ಹಾಸಿಗೆ ಎಲ್ಲ ಹಾಸಿ ಇಟ್ಟಿದ್ದೆ. ಮಮ್ಮಿ ಆಸ್ಪತ್ರೆಯಿಂದ ಬರ್ಲೇ ಇಲ್ಲ. ಆಮೇಲೆ ಕೇಳ್ಲಿಕ್ಕೆ ಹೆದರಿಕೆ. ಮೆಷಿನ್ನಲ್ಲಿ ಮಲಗಿದ್ದಾಗಲೂ ಒಂದು ನಮೋ ಮರಿಯ ಹೇಳ್ಲಿಲ್ಲ. ನನ್ನ ಗೆಳತಿ ಹೆಸರು ಕೊಟ್ಟದ್ದು ನಂಗೆ ಗೊತ್ತೇ ಇರ್ಲಿಲ್ಲ."

ಕೇಳಿ ನನಗೆ ಕರುಣೆ ಬರಬೇಕಿತ್ತು. ಬಂದದ್ದು ಬೆಂಕಿಯಂಥ ಸಿಟ್ಟು. ಕೇಳಿ ಕೇಳಿ ಗಂಟಲು ಹರಿದವಳಿಗೆ ಇಲ್ಲ, ಬಾಯಿ ತೆರೆಯದವಳಿಗೆ ಉಂಟು! ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆ ದೇವರ ಕಚೇರಿಯಲ್ಲೂ ನಡೆಯುತ್ತದಾ? ಇದನ್ನೇ ಅವಳ ಮುಖಕ್ಕೆ ಹೇಳಿದೆ, ಜೋರಾಗಿಯೇ ಹೇಳಿದೆ. ಶಾರನ್ ರೂಮಿನ ಬಾಗಿಲು ಹಾಕಿಕೊಂಡಳು.

ಐರಿನ್ ಎದ್ದುಹೋಗಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು:

"ನಿಮ್ಮನ್ನು ಕಂಡ್ರೆ ನಂಗೂ ಹೊಟ್ಟೆಕಿಚ್ಚು ಬಾಯಿ. ಸಿಗದೆ ಹೋದ್ರೂ ನೀವು ದೇವರ ಹತ್ರ ಜಗಳಕ್ಕಾದ್ರೂ ಹೋಗ್ತೀರಿ. ನಾನು ಬೆಂಚಲ್ಲಿ ಕೂತು ಬರುದು ಅಷ್ಟೆ. ಒಳಗೆ ಮಾಫಿ, ಏನೂ ಇಲ್ಲ."

ಇಬ್ಬರಿಗೂ ಚಹಾ ಮಾಡಿದೆ, ಅವಳಿಗೆ ದೊಡ್ಡ ಮಗ್ಗಿನಲ್ಲಿ, ನನಗೆ ಸಣ್ಣ ಕಪ್ಪಿನಲ್ಲಿ. ಹೋಗುವಾಗ ಬಾಟಲಿಯನ್ನು ಅವಳಿಗೇ ಕೊಟ್ಟುಬಿಟ್ಟೆ. ಉದಾರತೆಯಿಂದ ಅಲ್ಲ, ಕಣ್ಣೆದುರು ಬೇಡ ಎಂದು.

ಗೆಳೆತನ ಎನ್ನುವುದು ಹಾಗೆ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ರೋನಿಗೆ ಹಗಲು ಶಿಫ್ಟ್ ಇದ್ದ ದಿನ ಅವಳು ತನ್ನ ಪುಟ್ಟ ಕಾರಿನಲ್ಲಿ ನನ್ನನ್ನು ಡಯಾಲಿಸಿಸ್‌ಗೆ ಬಿಡತೊಡಗಿದಳು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನೆದುರು ನೀರು ಕುಡಿಯುವುದನ್ನು ಅವಳು ನಿಲ್ಲಿಸಿದ್ದು ಎಷ್ಟೋ ದಿನಗಳ ಮೇಲೆ ನನ್ನ ಗಮನಕ್ಕೆ ಬಂತು. ಅದಕ್ಕೆ ಬೈದೆ. "ಬಾಯಾರಿ ಸತ್ತರೆ ನಿನ್ನ ಕಿಡ್ನಿ ಮತ್ತೆ ಹೋಗ್ತದೆ ಮಾರಾಯ್ತಿ, ಕುಡಿ!" ಎಂದೆ. ಅವಳ ಚೆಕಪ್‌ಗೆ ಜೊತೆಗೆ ಹೋಗಿದ್ದೇನೆ. ರಿಪೋರ್ಟ್ ಚೆನ್ನಾಗಿದೆ ಎಂದಾಗ ದೇವರಿಗೆ ಥ್ಯಾಂಕ್ಸ್ ಹೇಳಿದ್ದೇನೆ, ಅದೇ ಉಸಿರಿನಲ್ಲಿ ಹೊಟ್ಟೆಯೂ ಉರಿದಿದೆ. ಎರಡೂ ಒಟ್ಟಿಗೆ ಇರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮಗೂ ಹಾಗಾಗುತ್ತಿದ್ದರೆ ಹೆದರಬೇಡಿ.

ಈಗ ನನ್ನ ಹೆಸರು ಕಿಡ್ನಿ ಕಸಿಗೆ ನೋಂದಣಿಯಾಗಿದೆ. ರೋನಿಗೆ ಸಕ್ಕರೆ ಕಾಯಿಲೆ, ಅವರದ್ದು ಆಗುವುದಿಲ್ಲ ಎಂದರು. ಎಲ್ಲೋ ಯಾರದೋ ಮನೆಯಲ್ಲಿ ಸಾವಾಗಿ, ಅವರು ದೊಡ್ಡ ಮನಸ್ಸು ಮಾಡಿ, ಆ ಕಿಡ್ನಿ ನನಗೆ ಹೊಂದಬೇಕು. ಆಗ ಅಬುಧಾಬಿಯ ಆಸ್ಪತ್ರೆಯಿಂದ ಫೋನು ಬರುತ್ತದೆ, ಬಂದ ಕೂಡಲೇ ಹೊರಡಬೇಕು. ಅದಕ್ಕೇ ನನ್ನ ಫೋನು ಯಾವತ್ತೂ ಸೈಲೆಂಟ್ ಆಗುವುದಿಲ್ಲ. ಪೂಜೆಯಲ್ಲೂ ಇಲ್ಲ. ಪಾದ್ರಿಯವರ ಅಪ್ಪಣೆ ಕೇಳಿಟ್ಟಿದ್ದೇನೆ. ಇನ್ನೊಬ್ಬರ ಸಾವನ್ನು ಕಾಯುತ್ತಾ ಪ್ರಾರ್ಥಿಸುವುದು ಹೇಗೆ ಎಂದು ನನಗೆ ತಿಳಿಯುವುದಿಲ್ಲ. ಬಾಯಿ ತೆರೆದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಜಗಳವಾಡುತ್ತಿದ್ದ ನಾನು ಈಗ ಹೆಚ್ಚಾಗಿ ಸುಮ್ಮನೆ ಕೂರುತ್ತೇನೆ.

ಕಳೆದ ತಿಂಗಳು ಸಂಜೆಯ ಪೂಜೆಯಲ್ಲಿ, ಪರಮಪ್ರಸಾದ ಮುಗಿದು ಎಲ್ಲರೂ ಮೊಣಕಾಲೂರಿ ಮೌನವಾಗಿದ್ದಾಗ, ನನ್ನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಫೋನನ್ನೇ ನೋಡುತ್ತಾ ಮೊಣಕಾಲಿನ ಮೇಲೆಯೇ ಉಳಿದೆ. ಪಕ್ಕದಲ್ಲಿ ನೋಡಿದರೆ ಜೊತೆಗೆ ಬಂದಿದ್ದ ಐರಿನ್ ಇಲ್ಲ. ನನ್ನ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡು, ಬೆಂಚಿನಿಂದ ಹೊರಗೆ, ನಡುದಾರಿಯಲ್ಲಿ ನಿಂತಿದ್ದಾಳೆ.

"ಎದ್ದೇಳಿ ಬಾಯಿ, ಯಲ್ಲಾ, ಹೊರಡುವಾ! ಬಂತು!" ಎಂದಳು, ಇಡೀ ಇಗರ್ಜಿಗೆ ಕೇಳುವ ಹಾಗೆ.

ಫೋನೆತ್ತಿದೆ. "ಮೇಡಮ್, ಬಿಲ್ಡಿಂಗ್ ನಂಬರ್ ಬತಾಯಿಯೇ," ಎಂದಿತು ಒಂದು ಗಂಡುಧ್ವನಿ. ಶಾರನ್ ತರಿಸಿದ ಬೂಟುಗಳ ಡೆಲಿವರಿ.

ಅವಳತ್ತ ನೋಡಿ ಅಲ್ಲ ಎಂದು ತಲೆಯಾಡಿಸಿದೆ. ಅಷ್ಟು ಜನರ ನಡುವೆ ಅವಳ ಮುಖ ಅಳುವಿಗೆ ಬಂತು. ವಾಪಸ್ ಬಂದು ಮೊಣಕಾಲೂರಿದಳು. ಕೀ ಇನ್ನೂ ಕೈಯಲ್ಲೇ ಇತ್ತು. ಪ್ರಾರ್ಥಿಸಲು ಬರುವುದಿಲ್ಲ ಎಂದವಳು ಇವಳೇನಾ? ನನಗೆ ಕಿಡ್ನಿ ಬಂದೇಬಿಟ್ಟಿತು ಎಂದು ಅವಳು ನಂಬಿ ಎದ್ದು ನಿಂತಾಗ, ಕೇಳಿ ಕೇಳಿ ಗಂಟಲು ಹರಿದುಕೊಂಡ ನಾನು ಅಲುಗಿರಲೂ ಇಲ್ಲ. ಅವಳ ಕೈಯನ್ನು ನನ್ನ ಕೈಯೊಳಗೆ ಹಿಡಿದುಕೊಂಡೆ. ಮತ್ತೆ ಹೊಟ್ಟೆಕಿಚ್ಚಾಯಿತು. ಈ ಸಲ ಅವಳ ಕಿಡ್ನಿಯ ಮೇಲೆ ಅಲ್ಲ.